2,450 ರೂಪಾಯಿಯ ಭಂಗಿ ಎಣ್ಣೆ: ಐದಕ್ಕೆ ಎರಡು ಸ್ಟಾರ್

ಶಿರಾಡಿ ಘಾಟಿಯಲ್ಲಿ ನನ್ನ ಲಾರಿ ಪಲ್ಟಿಯಾಗಿ ಮೂರು ವರ್ಷವಾಯಿತು. ಕ್ಲೀನರ್ ಹುಡುಗ ಉಳಿಯಲಿಲ್ಲ. ಆಮೇಲಿಂದ ರಾತ್ರಿ ಕಣ್ಣು ಮುಚ್ಚಿದರೆ ಅದೇ ತಿರುವು, ಅದೇ ಸದ್ದು. ಡಾಕ್ಟರು ಪಿಟಿಎಸ್‌ಡಿ ಅಂದರು, ಅಂದರೆ ಆಘಾತದ ನೆನಪು ಬಿಡದೆ ಕಾಡುವ ಕಾಯಿಲೆ, ಸರ್ಟ್ರಾಲಿನ್ ಮಾತ್ರೆ ಕೊಟ್ಟರು. ಹಗಲು ಸುಧಾರಿಸಿತು. ಕನಸು ನಿಲ್ಲಲಿಲ್ಲ.

ಫೋನಲ್ಲಿ ಜಾಹೀರಾತು ನೋಡಿ 'ವಿಜಯಾ' ಎಣ್ಣೆ ತರಿಸಿದೆ. ವಿಜಯಾ ಅಂದರೆ ಭಂಗಿ ಸೊಪ್ಪೇ, ಗಾಂಜಾ ಗಿಡದ ಎಲೆ. ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯಿದೆ ಗಿಡದ ಹೂವಿನ ತುದಿಯನ್ನು ಗಾಂಜಾ ಅನ್ನುತ್ತದೆ, ಬರೀ ಎಲೆಯನ್ನಲ್ಲ. ಹಾಗಾಗಿ ಆಯುರ್ವೇದ ವೈದ್ಯರ ಚೀಟಿ ಮೇಲೆ ಸಿಗುತ್ತದೆ. 30 ಮಿ.ಲೀ.ಗೆ 2,450 ರೂಪಾಯಿ. "ಬೇಲಿ ಸೊಪ್ಪಿಗೆ ಇಷ್ಟು ದುಡ್ಡಾ?" ಅಂದಳು ಅಮ್ಮ.

ವೈದ್ಯರ ವಿಡಿಯೊ ಕಾಲ್ ಆರೇ ನಿಮಿಷ. ಬೇರೆ ಮಾತ್ರೆ ತಗೋತೀರಾ ಅಂತ ಕೇಳಲಿಲ್ಲ. ಗಾಡಿ ಓಡಿಸ್ತೀರಾ ಅಂತಲೂ ಇಲ್ಲ. ಡ್ರೈವರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ ಅದೇ ಅಲ್ವಾ? ಬಾಟಲಿ ಮೇಲೆ ಟಿಎಚ್‌ಸಿ ಎಷ್ಟು, ಸಿಬಿಡಿ ಎಷ್ಟು ಅಂತ ಒಂದಕ್ಷರ ಇಲ್ಲ. ಎರಡೂ ಆ ಗಿಡದಲ್ಲಿರುವ ಅಂಶಗಳು, ನಶೆ ಏರಿಸುವುದು ಟಿಎಚ್‌ಸಿ.

ರಾತ್ರಿ ನಾಲಿಗೆ ಅಡಿಗೆ ನಾಲ್ಕು ಹನಿ. ಹಸಿ ಸೊಪ್ಪಿನ ಒಗರು. ಸುಳ್ಳು ಯಾಕೆ ಹೇಳಲಿ, ನಾಲ್ಕನೇ ದಿನದಿಂದ ನಿದ್ದೆ ಬಂತು, ಕನಸೇ ಇಲ್ಲ. ಆದರೆ ಬೆಳಿಗ್ಗೆ ಬಾಯಿ ಒಣಗಿ, ತಲೆ ಕಲ್ಲು. ಎರಡು ವಾರ ಸ್ಟೀರಿಂಗ್ ಮುಟ್ಟಲಿಲ್ಲ, ಬಾಡಿಗೆ ಹೋಯಿತು. ಮೂರನೇ ವಾರ ಎಣ್ಣೆ ನಿಲ್ಲಿಸಿದೆ. ಆ ರಾತ್ರಿ ಬಂದ ಕನಸು ಹಿಂದಿನದಕ್ಕಿಂತ ಜೋರು.

ನಮ್ಮ ಡಾಕ್ಟರ ಹತ್ತಿರ ಬೈಸಿಕೊಂಡೆ. ಟಿಎಚ್‌ಸಿ ಕನಸು ಬೀಳುವ ಹೊತ್ತಿನ ನಿದ್ದೆಯನ್ನು ಒತ್ತಿ ಹಿಡಿಯುತ್ತದೆ, ಬಿಟ್ಟ ಕೂಡಲೇ ಅದು ಸ್ಪ್ರಿಂಗ್ ಥರ ಮೇಲೇಳುತ್ತದೆ ಅಂದರು. ಸಿಬಿಡಿ ಜೊತೆ ಸೇರಿದರೆ ಸರ್ಟ್ರಾಲಿನ್ ರಕ್ತದಲ್ಲಿ ಜಾಸ್ತಿ ಉಳಿಯಬಹುದಂತೆ. ಅಮೆರಿಕದಲ್ಲಿ ಪಿಟಿಎಸ್‌ಡಿ ಇದ್ದ ಮಾಜಿ ಸೈನಿಕರಿಗೆ ಮೂರು ವಾರ ಗಾಂಜಾ ಸೇದಿಸಿ ನೋಡಿದ್ದಾರೆ, 2021ರಲ್ಲಿ ಅದು ಪ್ರಕಟವಾಗಿದೆ. ನಶೆಯ ಅಂಶ ತೆಗೆದ ಸೊಪ್ಪು ಸೇದಿದವರಿಗೂ ಹೆಚ್ಚುಕಮ್ಮಿ ಅಷ್ಟೇ ಗುಣ ಕಂಡಿತ್ತು.

ಈಗ ವಾರಕ್ಕೊಮ್ಮೆ ಕೌನ್ಸೆಲಿಂಗ್. ಆ ತಿರುವನ್ನು ಮೊದಲಿಂದ ಕೊನೇವರೆಗೆ ಬಾಯಿಬಿಟ್ಟು ಹೇಳಿಸುತ್ತಾರೆ. ಎಣ್ಣೆಗಿಂತ ಕಹಿ ಅದು. ಹೋದ ತಿಂಗಳು ಸಕಲೇಶಪುರದವರೆಗೆ ನಾನೇ ಓಡಿಸಿದೆ.

ಎರಡು ಸ್ಟಾರ್ ನಿದ್ದೆಗೆ. ಬಾಟಲಿಯಲ್ಲಿ ಮುಕ್ಕಾಲಿಗಿಂತ ಜಾಸ್ತಿ ಹಾಗೇ ಇದೆ. ಸೀಲ್ ಒಡೆದದ್ದು ವಾಪಸ್ ತಗೊಳ್ಳಲ್ವಂತೆ.