ಅಮ್ಮನ ಕೊಲೊನೋಸ್ಕೋಪಿ ಅನುಭವ: ಡಾಕ್ಟ್ರಿಗೆ ಐದಕ್ಕೆ ಐದು, ಪ್ರೆಪ್ ಚೀಟಿಗೆ ಒಂದೂ ಇಲ್ಲ

ಅಮ್ಮಂಗೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು ಆಗೋ ಕಾಯಿಲೆ) ಶುರುವಾಗಿ ಹತ್ತು ವರ್ಷ ದಾಟ್ತು. ಈ ಕಾಯಿಲೆ 8 ವರ್ಷ ಆದ್ಮೇಲೆ ಕರುಳಿನ ಕ್ಯಾನ್ಸರ್ ರಿಸ್ಕ್ ನಿಧಾನಕ್ಕೆ ಜಾಸ್ತಿ ಆಗುತ್ತಂತೆ, ಅದಕ್ಕೆ ಆವಾಗಾವಾಗ ಕೊಲೊನೋಸ್ಕೋಪಿ ಮಾಡ್ಸಿ, ಅಂದ್ರೆ ಕ್ಯಾಮೆರಾ ಇರೋ ಕೊಳವೆ (ಸ್ಕೋಪ್) ಕರುಳಿನೊಳಗೆ ಹಾಕಿ ನೋಡ್ತಾ ಇರ್ಬೇಕು. ನಾವು ಮಾಡ್ಸಿದ್ದು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಲಿ, ಹೆಸರು ಹಾಕಲ್ಲ. ಅಲ್ಲಿಗೇ ಹೋಗಿದ್ದಕ್ಕೆ ಕಾರಣ ಎನ್‌ಬಿಐ ಲೈಟು (ರಕ್ತನಾಳ ಎದ್ದು ಕಾಣಿಸೋ ವಿಶೇಷ ಬೆಳಕು), ಡೈ ಸ್ಪ್ರೇ (ಕರುಳಿನೊಳಗೆ ಬಣ್ಣ ಸಿಂಪಡಿಸೋದು) ಎರಡೂ ಮಾಡ್ತೀವಿ ಅಂದಿದ್ದು.

ಮೊದಲು ಬೇಜಾರಿನ ವಿಷಯ ಹೇಳ್ಬಿಡ್ತೀನಿ. ಬುಕ್ ಮಾಡ್ದಾಗ ಕೌಂಟರ್‌ನಲ್ಲಿ ಒಂದು ಪ್ರೆಪ್ ಚೀಟಿ ಕೊಟ್ರು, ಅಂದ್ರೆ ಟೆಸ್ಟಿಗೆ ಮುಂಚೆ ಕರುಳು ಹೆಂಗೆ ಕ್ಲೀನ್ ಮಾಡ್ಕೋಬೇಕು ಅನ್ನೋ ಚೀಟಿ, ಪೂರ್ತಿ ಇಂಗ್ಲಿಷು. ಲೋ ರೆಸಿಡ್ಯೂ ಡಯಟ್ (ನಾರು ಕಮ್ಮಿ ಇರೋ ಊಟ) ಅಂತ ಬರ್ದಿತ್ತು ಅಷ್ಟೇ, ಏನು ತಿನ್ಬೇಕು ಏನು ಬಿಡ್ಬೇಕು ಅಂತ ಒಂದು ಸಾಲೂ ಇಲ್ಲ. ಅಮ್ಮಂಗೆ ಕನ್ನಡ ಬಿಟ್ರೆ ಬೇರೆ ಓದಕ್ಕೆ ಬರಲ್ಲ, ನಾನು ಆಫೀಸಲ್ಲಿದ್ದೆ, ಅವರೆಕಾಯಿ ಸೀಸನ್ ಬೇರೆ, ಹಿಂದಿನ ದಿನ ಮಧ್ಯಾಹ್ನ ಹಿತಕಿದ ಬೇಳೆ ಸಾರು ಮಾಡ್ಕೊಂಡು ಮುದ್ದೆ ಜೊತೆ ಊಟ ಮಾಡವ್ರೆ. ಆಸ್ಪತ್ರೆಗೆ ಮೂರು ಸಲ ಫೋನ್ ಮಾಡಿದ್ರಂತೆ, ಯಾರೂ ಎತ್ತಿಲ್ಲ. ರಾತ್ರಿ ಕರುಳು ಖಾಲಿ ಮಾಡೋ ಪುಡಿ ಕಲಸಿದ 2 ಲೀಟರ್ ನೀರು ಪಾಪ ಒಂದು ಹನಿ ಬಿಡದೆ ಕುಡಿದ್ರು, ಆದ್ರೂ ಬೆಳಗ್ಗೆ ಕರುಳು ಕ್ಲೀನ್ ಆಗಿರ್ಲಿಲ್ಲ. ಡಾಕ್ಟ್ರು ಅರ್ಧಕ್ಕೇ ನಿಲ್ಸಿ ವಾಪಸ್ ಕಳಿಸಿದ್ರು. ಒಳಗೆ ಕಸ ಇದ್ರೆ ಡೈ ಹಾಕಿ ಪ್ರಯೋಜನ ಇಲ್ಲ, ಚಿಕ್ಕ ಗುರುತು ಕಾಣಲ್ಲ, ಅವರು ಮಾಡಿದ್ದು ಸರಿನೇ. ಆದ್ರೆ 58 ವರ್ಷದ ಹೆಂಗಸು ಅದೇ ನೀರನ್ನ ಮುಂದಿನ ವಾರ ಮತ್ತೆ ಕುಡೀಬೇಕಾಯ್ತಲ್ಲ, ಅದು ಬರೀ ಒಂದು ಚೀಟಿಯಿಂದ. ಡಾಕ್ಟ್ರ ಫೀಸ್ ಬಿಟ್ರು, ರೂಮ್ ಚಾರ್ಜ್ ಮಾತ್ರ ಎರಡನೇ ಸಲನೂ ತಗೊಂಡ್ರು.

ಎರಡನೇ ಸಲ ಎರಡು ದಿನ ಮುಂಚೆಯಿಂದಾನೇ ಬರೀ ಮೆತ್ತನೆ ಅನ್ನ, ಮಜ್ಜಿಗೆ, ಸೋಸಿದ ತಿಳಿ ಸಾರು. ಸೊಪ್ಪು, ಕಾಳು, ರಾಗಿ, ಬೀಜ ಇರೋ ಹಣ್ಣು ಯಾವ್ದೂ ಇಲ್ಲ. ಕರುಳು ಕನ್ನಡಿ ಥರ ಇತ್ತು ಅಂದ್ರು ಡಾಕ್ಟ್ರು.

ಈಗ ಅಸಲಿ ವಿಷಯ. ಎಲ್ಲ ಮುಗಿದ್ಮೇಲೆ ಡಾಕ್ಟ್ರು ನನ್ನ ಒಳಗೆ ಕರ್ದು ಸ್ಕ್ರೀನ್ ಮೇಲೆ ಒಂದೊಂದೇ ಫೋಟೋ ತೋರ್ಸಿದ್ರು. ಮಾಮೂಲಿ ಬಿಳಿ ಬೆಳಕಲ್ಲಿ ಅಮ್ಮನ ರೆಕ್ಟಮ್ (ದೊಡ್ಡ ಕರುಳಿನ ಕೊನೆ ಭಾಗ) ತಿಳಿ ಗುಲಾಬಿ, ಹುಣ್ಣಿಲ್ಲ ರಕ್ತ ಇಲ್ಲ, ನನ್ ಕಣ್ಣಿಗೆ ಪೂರ್ತಿ ವಾಸಿ ಆದಂಗೇ ಕಾಣ್ತು. ಮುಂದಿನ ಫೋಟೋ ಅದೇ ಜಾಗ ಎನ್‌ಬಿಐನಲ್ಲಿ. ಸ್ಕೋಪಿನ ಹಿಡಿಲಿ ಒಂದು ಬಟನ್ ಒತ್ತಿದ್ರೆ ಬೆಳಕು ಬದಲಾಗುತ್ತೆ, 415 ನ್ಯಾನೋಮೀಟರಿನ ನೀಲಿ, 540ರ ಹಸಿರು, ಎರಡೇ ಉಳಿಯೋದು, ರಕ್ತದಲ್ಲಿರೋ ಹಿಮೋಗ್ಲೋಬಿನ್ ಆ ಬೆಳಕನ್ನ ಹೀರ್ಕೊಳ್ಳೋದ್ರಿಂದ ರಕ್ತನಾಳಗಳು ಕಪ್ಪಗೆ ಎದ್ದು ಕಾಣ್ತವೆ. ಮೇಲಿನ ಕರುಳಲ್ಲಿ ಅರಳಿ ಎಲೆ ಒಣಗಿದ್ರೆ ನರ ಹೆಂಗ್ ಕಾಣುತ್ತೋ ಹಂಗೆ ಚಂದದ ಬಲೆ ಇತ್ತು. ಕೆಳಗೆ ರೆಕ್ಟಮ್‌ನಲ್ಲಿ ಆ ಬಲೆ ಅಲ್ಲಲ್ಲಿ ಅಳಿಸಿ ಹೋಗಿತ್ತು. "ನೋಡಿ, ಮೇಲಿಂದ ಸರಿ ಹೋಗಿದೆ, ಒಳಗೆ ಇನ್ನೂ ಉರಿ ಇದೆ, ಅಮ್ಮಂಗೆ ಮಾತ್ರೆ ನಿಲ್ಸಕ್ಕೆ ಬಿಡ್ಬೇಡಿ" ಅಂದ್ರು. ಅಮ್ಮ ಆರು ತಿಂಗಳಿಂದ ಚೆನ್ನಾಗಿದೀನಲ್ಲ ಮೆಸಲಮೈನ್ (ಉರಿಯೂತ ತಗ್ಗಿಸೋ ಮಾತ್ರೆ) ಯಾಕೆ ಅಂತ ಕೇಳ್ತಾನೇ ಇದ್ರು.

ಆಮೇಲೆ ಇಂಡಿಗೋ ಕಾರ್ಮಿನ್ ಅನ್ನೋ ನೀಲಿ ಬಣ್ಣ ಸಿಂಪಡಿಸಿದ ಫೋಟೋಗಳು. ಒರಳುಕಲ್ಲಿನ ಗೀರಲ್ಲಿ ಅರಿಶಿನ ಕೂತ್ಕೊಳ್ಳಲ್ವಾ, ಹಂಗೇ ಆ ನೀಲಿ ಕರುಳಿನ ಸಣ್ಣ ಸಣ್ಣ ಗೆರೆಲೆಲ್ಲ ಕೂತಿತ್ತು, ಎಲ್ಲಾದ್ರೂ ಉಬ್ಬು ತಗ್ಗು ಇದ್ರೆ ತಕ್ಷಣ ಗೊತ್ತಾಗುತ್ತೆ. ಹಿಂದೆ ಪ್ರತಿ 10 ಸೆಂಟಿಮೀಟರಿಗೆ ನಾಲ್ಕು ಕಡೆ ಕಣ್ಮುಚ್ಕೊಂಡು ಬಯಾಪ್ಸಿ (ಲ್ಯಾಬಲ್ಲಿ ಪರೀಕ್ಷೆ ಮಾಡಕ್ಕೆ ಕರುಳಿನ ಚೂರು) ತೆಗೀತಿದ್ರಂತೆ, ಮೂವತ್ತರ ಮೇಲೆ ಚೂರು. ಅಮ್ಮಂಗೆ ಅನುಮಾನ ಬಂದ ಜಾಗ ನೋಡಿ ಆರೇ ತೆಗೆದ್ರು. ಹಂಗಂತ ಈ ಲೈಟು ಬಣ್ಣ ಬಯಾಪ್ಸಿಗೆ ಬದಲಿ ಅಲ್ಲ, ಎಲ್ಲಿ ತೆಗೀಬೇಕು ಅಂತ ತೋರ್ಸೋದು.

ನೀವು ಬುಕ್ ಮಾಡೋ ಮುಂಚೆ ಡೈ ಅಥವಾ ಎನ್‌ಬಿಐ ಮಾಡ್ತೀರಾ, ಫೋಟೋ ರಿಪೋರ್ಟಲ್ಲಿ ಹಾಕ್ತೀರಾ ಅಂತ ಕೇಳ್ಕೊಳ್ಳಿ. ಎನ್‌ಬಿಐ ಒಲಿಂಪಸ್ ಮಷೀನಲ್ಲಿ ಇರೋದು, ಫ್ಯೂಜಿಫಿಲ್ಮ್‌ದಾದ್ರೆ ಬಿಎಲ್‌ಐ, ಪೆಂಟಾಕ್ಸ್ ಆದ್ರೆ ಐ-ಸ್ಕ್ಯಾನ್ ಅಂತಾರೆ. ನಮ್ಗೆ ಮೊದಲು ಕೊಟ್ಟ ರಿಪೋರ್ಟಲ್ಲಿ ಬರೀ ಬಿಳಿ ಬೆಳಕಿನ ನಾಲ್ಕು ಫೋಟೋ, ಮೇಯೋ ಸ್ಕೋರ್ 0 (ಕಾಯಿಲೆ ಎಷ್ಟಿದೆ ಅಂತ ಕೊಡೋ ಅಂಕ, 0 ಅಂದ್ರೆ ಕಾಯಿಲೆ ಕಾಣ್ತಿಲ್ಲ ಅಂತ) ಅಂತ ಇತ್ತು, ನಾಳೆ ಬೇರೆ ಡಾಕ್ಟ್ರು ನೋಡಿದ್ರೆ ಎಲ್ಲ ಸರಿ ಇದೆ ಅಂದ್ಕೋತಾರೆ. ಕೇಳಿದ್ಮೇಲೆ ಎನ್‌ಬಿಐ ಫೋಟೋ ಸೇರ್ಸಿ ರಕ್ತನಾಳದ ವಿಷ್ಯ ಬರ್ದು ಹೊಸ ರಿಪೋರ್ಟ್ ಕೊಟ್ರು.

ಬಯಾಪ್ಸಿ ಐದು ದಿನಕ್ಕೆ ಬಂತು. ಕ್ಯಾನ್ಸರ್ ಕಡೆ ತಿರುಗೋ ಜೀವಕೋಶ ಎಲ್ಲೂ ಇಲ್ಲ, ರೆಕ್ಟಮ್‌ನಲ್ಲಿ ಉರಿಯೂತ ಸ್ವಲ್ಪ ಇದೆ, ಡಾಕ್ಟ್ರು ಹೇಳಿದ್ ಜಾಗದಲ್ಲೇ. ಅಮ್ಮ ಈಗ ಮಾತ್ರೆ ವಿಷ್ಯಕ್ಕೆ ಜಗಳ ಆಡಲ್ಲ.

ಆ ಪಥ್ಯ ಎಲ್ಲ ಕನ್ನಡದಲ್ಲಿ ಒಂದು ಹಾಳೆಲಿ ಬರ್ದು ಕೌಂಟರಿಗೆ ಕೊಟ್ಟಿದ್ದೆ, ಪ್ರಿಂಟ್ ಹಾಕ್ಸ್ತೀವಿ ಸಾರ್ ಅಂದಿದ್ರು. ರಿಪೋರ್ಟ್ ತರಕ್ಕೆ ಹೋದಾಗ್ಲೂ ಅದೇ ಇಂಗ್ಲಿಷ್ ಚೀಟಿ ಕೊಡ್ತಿದ್ರು, ಪಕ್ಕದಲ್ಲಿ ಕೂತಿದ್ದ ತಾತಂಗೆ ನಾನೇ ಓದಿ ಹೇಳಿ ಬಂದೆ.