ಸೆರಗಿನ ಕೆಂಪು ಕದಡದ ಇಂಟರ್ನೆಟ್: ಇಳಕಲ್ಲಿನಲ್ಲಿ ಬಿಎಸ್‌ಎನ್‌ಎಲ್ ಫೈಬರ್

ಡೌನ್‌ಲೋಡ್ ವೇಗದ ಬಗ್ಗೆ ಬರೆದವರು ಬೇಕಾದಷ್ಟು ಜನರಿದ್ದಾರೆ. ನಾನು ಬರೆಯುತ್ತಿರುವುದು ಅಪ್‌ಲೋಡ್ ಬಗ್ಗೆ. ಇಳಕಲ್ಲಿನ ಮನೆಯಲ್ಲಿ ಕುಳಿತು ವಿಡಿಯೊ ಕರೆಯಲ್ಲಿ ಸೀರೆ ಮಾರುವವಳು ನಾನು. ನನಗೆ ಒಳಗೆ ಬರುವುದಕ್ಕಿಂತ ಹೊರಗೆ ಹೋಗುವುದೇ ಮುಖ್ಯ. ಕೆಲವು ವರ್ಷಗಳಿಂದ ಬಿಎಸ್‌ಎನ್‌ಎಲ್ ಫೈಬರ್ ಬಳಸುತ್ತಿದ್ದೇನೆ. ಅದಕ್ಕೂ ಮೊದಲು ಮೊಬೈಲ್ ಟವರಿನಿಂದ ಸಿಗ್ನಲ್ ಹಿಡಿಯುವ, ಒಂದು ಖಾಸಗಿ ಕಂಪನಿಯ ವೈರ್‌ಲೆಸ್ ಡಬ್ಬಿ ಇತ್ತು.

ಬೆಳಗಿನ ಬಿಸಿಲು ಪಡಸಾಲೆಗೆ ಇಳಿಯುವ ಹೊತ್ತಿಗೆ ಬಿಳಿ ಪಂಚೆ ಹಾಸಿ, ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಅಂದಿನ ಸೀರೆಗಳ ಮಡಿಕೆ ಬಿಚ್ಚುತ್ತೇನೆ. ಮೊದಲು ಗೋಮಿಯೋ ಚಿಕ್ಕಿಯೋ ಗಾಡಿಯೋ, ಯಾವ ದಡಿ, ಅಂದರೆ ಅಂಚು, ಇದೆಯೋ ಅದು. ಆಮೇಲೆ ಒಡಲು. ಕೊನೆಗೆ ತೋಪು ತೆನಿ ವಿನ್ಯಾಸದ ಸೆರಗು. ಪುಣೆಯ ಗಿರಾಕಿಯೊಬ್ಬರು ಯಾವಾಗಲೂ ‘ಅಕ್ಕಾ, ಕೊಂಡಿ ತೋರಿಸಿರಿ’ ಎನ್ನುತ್ತಾರೆ. ಒಡಲಿನ ಹಾಸಿನ ಎಳೆಗೆ ಸೆರಗಿನ ಹಾಸಿನ ಎಳೆಯನ್ನು ಕುಣಿಕೆ ಹಾಕಿ ಸೇರಿಸಿದ ಜಾಗವದು. ಇಳಕಲ್ ಸೀರೆ ಬಲ್ಲವರು ಮೊದಲು ನೋಡುವುದೇ ಅದನ್ನು. ಬಟ್ಟೆಯನ್ನು ಕ್ಯಾಮೆರಾದ ಹತ್ತಿರ ತಂದು, ಕೈ ಅಲುಗದಂತೆ ಹಿಡಿದು, ಎಳೆ ಎಳೆಯೂ ಕಾಣುವಂತೆ ನಿಧಾನವಾಗಿ ಸರಿಸುತ್ತೇನೆ. ಆಗ ಚಿತ್ರ ಕದಡಿದರೆ ವ್ಯಾಪಾರ ಅಲ್ಲಿಗೇ ನಿಲ್ಲುತ್ತದೆ.

ಹಳೆಯ ಡಬ್ಬಿಯಲ್ಲಿ ಆಗುತ್ತಿದ್ದುದೇ ಅದು. ಸಂಜೆ ಓಣಿಯವರೆಲ್ಲ ಮೊಬೈಲ್ ಹಿಡಿದರೆಂದರೆ ಸೆರಗು ನೀರು ಬಿದ್ದ ಕುಂಕುಮದಂತೆ ಹರಡಿಬಿಡುತ್ತಿತ್ತು. ಟವರಿನ ಸಾಮರ್ಥ್ಯವನ್ನು ಸುತ್ತಲಿನವರೆಲ್ಲ ಹಂಚಿಕೊಳ್ಳಬೇಕು. ಅದರಲ್ಲೂ ದೊಡ್ಡ ಪಾಲು ಡೌನ್‌ಲೋಡಿಗೇ ಮೀಸಲು. ಜೊತೆಗೆ, ಕಳಿಸಲು ಹಗುರಾಗಲೆಂದು ವಿಡಿಯೊವನ್ನು ಕುಗ್ಗಿಸುವಾಗ ಆ್ಯಪ್ ಬೆಳಕು ನೆರಳಿನ ವಿವರಕ್ಕಿಂತ ಬಣ್ಣದ ವಿವರವನ್ನೇ ಹೆಚ್ಚು ಕತ್ತರಿಸುತ್ತದೆ. ಸಹಾಯವಾಣಿಯವರು ಪ್ರತಿ ಸಲವೂ ದೊಡ್ಡ ಯೋಜನೆಗೆ ಬದಲಾಯಿಸಿ ಎಂದರೇ ಹೊರತು ಅಪ್‌ಲೋಡ್ ಎಷ್ಟು ಸಿಗುತ್ತದೆ ಎಂದು ಒಮ್ಮೆಯೂ ಹೇಳಲಿಲ್ಲ.

ಈಗಿನ ಫೈಬರಿನಲ್ಲಿ ನನಗೆ ಅಪ್‌ಲೋಡ್, ಡೌನ್‌ಲೋಡ್ ಎರಡೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸಿಗುತ್ತವೆ. ದಾಳಿಂಬೆ ಕೆಂಪು ಆ ತುದಿಯಲ್ಲೂ ದಾಳಿಂಬೆ ಕೆಂಪಾಗಿಯೇ ಕಾಣುತ್ತದೆ. ವಿದ್ಯುತ್ ಹೋದರೂ ಕರೆ ಕಡಿಯದಿರಲೆಂದು ಮೋಡೆಮ್ಮಿಗೆ ಒಂದು ಪುಟ್ಟ ಯುಪಿಎಸ್ ಇಟ್ಟಿದ್ದೇನೆ. ಆ ಖರ್ಚು ನನ್ನದೇ.

ನನ್ನಂಥವರಿಗೆ ದರವೂ ದೊಡ್ಡ ವಿಷಯ. 2024ರ ಜುಲೈನಲ್ಲಿ ಜಿಯೊ, ಏರ್‌ಟೆಲ್, ವೊಡಾಫೋನ್ ಐಡಿಯಾ ಮೂರೂ ಒಂದೆರಡು ದಿನಗಳ ಅಂತರದಲ್ಲಿ ಮೊಬೈಲ್ ದರ ಏರಿಸಿದಾಗ ಏರಿಸದೆ ಉಳಿದದ್ದು ಬಿಎಸ್‌ಎನ್‌ಎಲ್. ಸರ್ಕಾರದ ಒಡೆತನದಲ್ಲಿ ಒಂದಾದರೂ ಕಂಪನಿ ಇರಲೇಬೇಕೆಂದು ನಾನು ವಾದಿಸುವುದು ಇದಕ್ಕಾಗಿ. ಅದಿಲ್ಲದಿದ್ದರೆ ಗಿರಾಕಿ ಹೋಗುವುದಾದರೂ ಎಲ್ಲಿಗೆ?

ಆದರೆ ಒಡೆಯನಾದ ಸರ್ಕಾರ ತನ್ನ ಕಂಪನಿಯನ್ನು ನೋಡಿಕೊಂಡ ರೀತಿ ನೆನೆದರೆ ಸಿಟ್ಟು ಬರುತ್ತದೆ. ಜಿಯೊ 4ಜಿ ಬಂದದ್ದು 2016ರಲ್ಲಿ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲ ಉದ್ಘಾಟನೆಯಾದದ್ದು 2025ರ ಸೆಪ್ಟೆಂಬರ್ 27ರಂದು. ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡಾಟ್, ತೇಜಸ್ ಮತ್ತು ಟಿಸಿಎಸ್ ಕಂಪನಿಗಳು ಸೇರಿ ದೇಶದಲ್ಲೇ ತಂತ್ರಜ್ಞಾನ ಕಟ್ಟಿದ್ದು ಹೆಮ್ಮೆಯ ಕೆಲಸವೇ. ಆದರೂ ಒಂಬತ್ತು ವರ್ಷ ತಡವೆಂದರೆ ಕಡಿಮೆಯೇ? ನಮ್ಮ ಸುತ್ತಲಿನ ನೇಕಾರರ ಊರುಗಳಾದ ಕಮತಗಿಯಲ್ಲೋ ಗುಡೂರಿನಲ್ಲೋ ಮಗ್ಗದ ಪಕ್ಕದಿಂದಲೇ ಸೀರೆ ತೋರಿಸಬೇಕೆನ್ನುವವರು ಅಷ್ಟರೊಳಗೆ ಖಾಸಗಿ ಸಿಮ್ಮಿಗೆ ಹೊಂದಿಕೊಂಡುಬಿಟ್ಟರು.

ಇನ್ನೊಂದು ಮಾತು. ನಮ್ಮ ಓಣಿಗೆ ಈ ಫೈಬರ್ ಎಳೆದವನು ಕಂಪನಿಯ ನೌಕರನಲ್ಲ, ಆದಾಯದ ಪಾಲಿಗೆ ದುಡಿಯುವ ಊರಿನದೇ ಕೇಬಲ್ ಟಿವಿ ಹುಡುಗ. ಚರಂಡಿ ತೋಡುವವರು ತಂತಿ ಕಡಿದಾಗ ಸ್ಪ್ಲೈಸಿಂಗ್ ಯಂತ್ರ ಹೊತ್ತು ಬಂದು, ಮಣ್ಣಿನಲ್ಲೇ ಕುಳಿತು, ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳನ್ನು ಬೆಸೆದುಕೊಟ್ಟವನು ಅವನೇ. ಅಂಥ ಕೆಲಸಗಾರರ ಮೇಲೆ ನನಗೆ ತುಂಬು ಗೌರವವಿದೆ. ಆದರೆ ಅವನಿಗೆ ಸಂಬಳವಿಲ್ಲ, ಪಿಂಚಣಿಯಿಲ್ಲ. ನಾಳೆ ಬೇರೆ ಕಂಪನಿ ಹೆಚ್ಚು ಪಾಲು ಕೊಟ್ಟರೆ ಅತ್ತ ಹೋಗುತ್ತಾನೆ. 2020ರ ಜನವರಿ ಕೊನೆಯಲ್ಲಿ ಬಿಎಸ್‌ಎನ್‌ಎಲ್‌ನ 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂನಿವೃತ್ತಿ ಪಡೆದು ಹೊರನಡೆದರು. ಅದಾದ ಮೇಲೆ 2022ರಲ್ಲಿ ಕೇಂದ್ರವು 1.64 ಲಕ್ಷ ಕೋಟಿ ರೂಪಾಯಿಗಳ ಪುನಶ್ಚೇತನ ಪ್ಯಾಕೇಜಿಗೆ ಒಪ್ಪಿಗೆ ಕೊಟ್ಟಿತು. ಅದು ನಮ್ಮೆಲ್ಲರ ಹಣ. ಅದರಲ್ಲಿ ಊರಿಗೊಬ್ಬ ಕಾಯಂ ಲೈನ್‌ಮನ್ ಬೇಕೆಂದು ಕೇಳುವ ಹಕ್ಕು ನಮಗಿದೆ.

ಈ ವರ್ಷವೂ ಇದನ್ನೇ ಮುಂದುವರಿಸಿದ್ದೇನೆ. ನೀವು ತೆಗೆದುಕೊಳ್ಳುವುದಾದರೆ ಅರ್ಜಿ ಕೊಡುವ ಮೊದಲೇ ಅಪ್‌ಲೋಡ್ ವೇಗ ಎಷ್ಟೆಂದು ಕೇಳಿ. ನಿಮ್ಮ ಓಣಿಯ ತಂತಿ ನೋಡಿಕೊಳ್ಳುವವರು ಯಾರೆಂದು ತಿಳಿದು ಅವರ ಮೊಬೈಲ್ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ.