2018ರ ಪತ್ರಿಕೆಗಳು ಆರು ಸಂಪುಟಗಳಾಗಿ: ಮಡಿಕೇರಿಯ ಒಂದು ಬೈಂಡಿಂಗ್ ಅಂಗಡಿಯ ಕೆಲಸ

ಮಡಿಕೇರಿಯಲ್ಲಿ ಒಂದು ಮಹಡಿಯ ಮೆಟ್ಟಿಲ ಕೆಳಗಿರುವ ಸಣ್ಣ ಬೈಂಡಿಂಗ್ ಅಂಗಡಿಗೆ ಕಳೆದ ಫೆಬ್ರವರಿಯಲ್ಲಿ 2018ರ ಇಡೀ ವರ್ಷದ ದಿನಪತ್ರಿಕೆಗಳನ್ನು ಕೊಟ್ಟಿದ್ದೆ. ಕಚೇರಿಗಳ ರಿಜಿಸ್ಟರು, ಶಾಲೆಗಳ ಹಾಜರಿ ಪುಸ್ತಕ, ದೇವಸ್ಥಾನದ ಲೆಕ್ಕದ ಪುಸ್ತಕಗಳನ್ನು ಹೊಲಿದುಕೊಡುವುದು ಅಲ್ಲಿಯ ನಿತ್ಯದ ಕೆಲಸ. ಪತ್ರಿಕೆಗಳ ಕಟ್ಟನ್ನು ಹೊತ್ತು ತರುವವರು ಅಪರೂಪ. ಎರಡು ತಿಂಗಳಿಗೊಂದರಂತೆ ಆರು ಸಂಪುಟ, ಒಂದಕ್ಕೆ 450 ರೂಪಾಯಿ, ಒಟ್ಟು 2,700 ರೂಪಾಯಿ. ಹದಿನೈದು ದಿನದಲ್ಲಿ ಆಗುತ್ತದೆ ಎಂದಿದ್ದರು, ನಲವತ್ತು ದಿನ ಹಿಡಿಯಿತು.

ಅದಕ್ಕೂ ಹಿಂದಿನ ಜುಲೈಯಲ್ಲಿ ನಾನು ಇದೇ ಕಟ್ಟನ್ನು ಒಯ್ದಾಗ ಅವರು ಮುಟ್ಟಿಯೂ ನೋಡಲಿಲ್ಲ. "ಈ ಮಳೆಯಲ್ಲಿ ಗೋಂದು ಒಣಗುವುದಿಲ್ಲ ಸಾರ್, ಬೂಷ್ಟು ಹಿಡಿಯುತ್ತದೆ. ಕಾಫಿ ಕೊಯ್ಲು ಮುಗಿಸಿಕೊಂಡು ಬನ್ನಿ" ಎಂದು ಹಿಂದಕ್ಕೆ ಕಳುಹಿಸಿದರು. ಬಂದ ಗಿರಾಕಿಯನ್ನು ಹೀಗೆ ಹಿಂದಕ್ಕೆ ಕಳುಹಿಸುವ ಅಂಗಡಿಯ ಮೇಲೆ ನನಗೆ ಆಗಲೇ ನಂಬಿಕೆ ಹುಟ್ಟಿತು. ಅವರ ಗೋಂದು ಮೈದಾಹಿಟ್ಟಿನದು. ಕುದಿಸುವಾಗ ಅದಕ್ಕೆ ಒಂದು ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಮಳೆಗಾಲಕ್ಕೆ ಮೊದಲು ನಾವು ಸುಣ್ಣದೊಂದಿಗೆ ಸೇರಿಸಿ ಬೋರ್ಡೋ ದ್ರಾವಣ ಮಾಡಿ ಮೆಣಸಿನ ಬಳ್ಳಿಗೂ ಕಾಫಿ ಗಿಡಕ್ಕೂ ಹೊಡೆಯುವುದು ಇದೇ ಮೈಲುತುತ್ತವನ್ನು. ಬಳ್ಳಿಯ ಸೊರಗುರೋಗ ತಡೆಯುವ ವಸ್ತುವೇ ಪುಸ್ತಕದ ಬೆನ್ನಿಗೆ ಹುಳು ಬೀಳದಂತೆ ಕಾಯುತ್ತದೆ. ಒಂದು ಪೂರ್ತಿ ಮಳೆಗಾಲ ಕಪಾಟಿನಲ್ಲಿದ್ದು ಹೊರಬಂದ ಮೇಲೂ ಆರು ಸಂಪುಟಗಳ ಬೆನ್ನಿನಲ್ಲಿ ಎಲ್ಲಿಯೂ ಬೂಷ್ಟು ಕಾಣಿಸಿಲ್ಲ. ರಟ್ಟು ದಪ್ಪವಾಗಿದೆ, ಮೂಲೆಗಳಿಗೆ ಕ್ಯಾಲಿಕೋ ಬಟ್ಟೆ ಅಂಟಿಸಿದ್ದಾರೆ, ಮೇಜಿನ ಮೇಲೆ ಬಿಡಿಸಿಟ್ಟರೆ ಸಂಪುಟ ತಾನಾಗಿ ಮುಚ್ಚಿಕೊಳ್ಳುವುದಿಲ್ಲ.

ಹೊಲಿಗೆಯ ಬಗ್ಗೆ ಮಾತ್ರ ನನ್ನ ದೂರಿದೆ. ಪತ್ರಿಕೆಯ ಒಳ ಅಂಚು ಕಿರಿದಾದುದರಿಂದ ಅಂಚಿನ ಮೇಲೆಯೇ ತೂತು ಕೊರೆದು ದಾರ ಹಾಕಿದಾಗ ಎಡಪುಟದ ಕೊನೆಯ ಕಾಲಂನ ಒಂದೆರಡು ಅಕ್ಷರಗಳು ಹೊಲಿಗೆಯೊಳಗೆ ಸೇರಿಹೋಗಿವೆ. ಮೇ ತಿಂಗಳ ಪುಟಗಳಲ್ಲಿ ಇದು ಬಹಳ ಕಾಡುತ್ತದೆ. 12ರಂದು ವಿಧಾನಸಭೆಗೆ ಮತದಾನ, 15ಕ್ಕೆ ಫಲಿತಾಂಶ, 17ಕ್ಕೆ ಯಡಿಯೂರಪ್ಪನವರ ಪ್ರಮಾಣವಚನ, 19ಕ್ಕೆ ರಾಜೀನಾಮೆ, 23ಕ್ಕೆ ಕುಮಾರಸ್ವಾಮಿಯವರ ಪ್ರಮಾಣವಚನ. ಇಷ್ಟೆಲ್ಲ ನಡೆದ ಹನ್ನೆರಡು ದಿನಗಳಲ್ಲಿ ಮಡಿಕೇರಿ ಮತ್ತು ವಿರಾಜಪೇಟೆ ಕ್ಷೇತ್ರಗಳ ಮತಗಳ ಪಟ್ಟಿಯ ಕೊನೆಯ ಅಂಕಿಗಳನ್ನು ಓದಲು ನಾನು ಸಂಪುಟವನ್ನು ಎರಡೂ ಕೈಯಿಂದ ಒತ್ತಿ ಹಿಡಿಯಬೇಕಾಯಿತು. ಪ್ರತಿ ಮಡಿಕೆಗೂ ಒಂದು ಕಾಗದದ ಪಟ್ಟಿ ಅಂಟಿಸಿ, ಪಟ್ಟಿಯ ಮೇಲೆ ಹೊಲಿದರೆ ಅಕ್ಷರ ಉಳಿಯುತ್ತದೆ, ಆದರೆ ಕೂಲಿ ಎರಡರಷ್ಟಾಗುತ್ತದೆ ಎಂದು ಅವರು ನಂತರ ವಿವರಿಸಿದರು. ಮೊದಲೇ ಹೇಳಿದ್ದರೆ ನಾನು ಆ ಹಣವನ್ನು ಸಂತೋಷದಿಂದ ಕೊಡುತ್ತಿದ್ದೆ.

ಬಿಡಿಬಿಡಿಯಾಗಿ ಓದಿ ಮರೆತಿದ್ದ ವರ್ಷ ಹೀಗೆ ಒಟ್ಟಿಗೆ ಕೈಗೆ ಬಂದಾಗ, ಅಂದು ನಾನು ಗಮನಿಸದೆ ಬಿಟ್ಟ ಸುದ್ದಿಗಳೇ ಹೆಚ್ಚು ಕಾಣತೊಡಗಿದವು. ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕಾವೇರಿ ತೀರ್ಪು ನೀಡಿ ಕರ್ನಾಟಕದ ಪಾಲಿಗೆ 14.75 ಟಿಎಂಸಿ ಹೆಚ್ಚಿಸಿದ ಸುದ್ದಿ ಮುಖಪುಟದ ತುಂಬ ಇದೆ. ಅದನ್ನು ನಾನು ಅಂದೇ ಓದಿದ್ದೆ. ಬೇಸಿಗೆಯ ಪುಟಗಳಲ್ಲಿ ನಾಪೋಕ್ಲುವಿನ ಕುಲ್ಲೇಟಿರ ಕಪ್ ಹಾಕಿ ಪಂದ್ಯಗಳ ಫಲಿತಾಂಶಗಳಿವೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಈ ಹಾಕಿ ಹಬ್ಬದಲ್ಲಿ ಕುಟುಂಬದ ಹೆಸರೇ ತಂಡದ ಹೆಸರಾಗಿರುವುದರಿಂದ, ಆ ಕಾಲಂಗಳನ್ನು ಓದುವುದೆಂದರೆ ನಮಗೆ ನೆಂಟರ ಮನೆಗಳ ಸಾಲಿನಲ್ಲಿ ನಡೆದುಹೋದಂತೆ. ಜೂನ್ ಪುಟಗಳಲ್ಲಿ ಮಾಕುಟ್ಟ ರಸ್ತೆ ಕುಸಿದ ಚಿತ್ರವಿದೆ. ಜುಲೈಯಲ್ಲಿ ಭೂಮಿ ಲಘುವಾಗಿ ಕಂಪಿಸಿದ ಸುದ್ದಿ ಒಳಪುಟದಲ್ಲಿದೆ. ಈ ಎರಡನ್ನೂ ನಾನು ಅಂದು ಓದಿಯೇ ಇರಲಿಲ್ಲ. ಮಾರುಕಟ್ಟೆ ಧಾರಣೆಯ ಕಾಲಂನಲ್ಲಿ ಕಾಳುಮೆಣಸಿನ ದರವನ್ನು ಮಾತ್ರ ದಿನವೂ ಬಿಡದೆ ನೋಡಿದ್ದೆ; ಕೆಲವು ಕಡೆ ನನ್ನದೇ ಪೆನ್ನಿನ ಗುರುತುಗಳಿವೆ. ಕಿಲೋಗೆ 500 ರೂಪಾಯಿಗಿಂತ ಕಡಿಮೆ ಬೆಲೆಯ ಆಮದಿಗೆ ತಡೆ ಬಿದ್ದ ಮೇಲೆ ಬೆಲೆ ಏರೀತೆಂಬ ಆಸೆ ಆ ಗುರುತುಗಳಲ್ಲಿದೆ.

ನಾಲ್ಕನೆಯ ಸಂಪುಟವನ್ನು, ಅಂದರೆ ಜುಲೈ ಮತ್ತು ಆಗಸ್ಟ್ ತಿಂಗಳುಗಳದ್ದನ್ನು, ನಾನು ಕೊನೆಗೆ ತೆರೆದೆ. ನಮ್ಮ ಮನೆ ಮಾದಾಪುರದಿಂದ ಒಳಗೆ. ಆ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ, ಮೊಣ್ಣಂಗೇರಿಗಳಲ್ಲಿ ಗುಡ್ಡಗಳು ಜಾರಿ ಮನೆ, ತೋಟ, ಗದ್ದೆಗಳು ಹೋದಾಗ ನಮಗೆ ಏಳು ದಿನ ಪತ್ರಿಕೆ ಬರಲಿಲ್ಲ. ವಾಜಪೇಯಿಯವರು 16ರಂದು ತೀರಿಕೊಂಡ ವಿಷಯ ಕರೆಂಟಿಲ್ಲದ ನಮ್ಮ ಮನೆಗೆ ತಲುಪಿದ್ದೇ ಎರಡು ದಿನ ತಡವಾಗಿ, ಬಾಯಿಮಾತಿನಲ್ಲಿ. ಸಂಪುಟದಲ್ಲಿ 15ರ ಪತ್ರಿಕೆಯಾದ ಮೇಲೆ ಏಳು ಖಾಲಿ ಹಾಳೆಗಳಿವೆ. ಒಂದೊಂದರ ಮೇಲ್ತುದಿಯಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ 17, 18, 19 ಎಂದು 23ರವರೆಗೆ ಬರೆದಿದೆ. ನಾನು ಹೇಳಿರಲಿಲ್ಲ. 16ಕ್ಕೆ ಹಾಳೆಯಿಲ್ಲ, ಸ್ವಾತಂತ್ರ್ಯ ದಿನದ ಮರುದಿನ ಪತ್ರಿಕೆಯೇ ಇರುವುದಿಲ್ಲ ಎಂಬುದು ಅವರಿಗೆ ಗೊತ್ತು. ವಿಚಾರಿಸಿದಾಗ, "ದಿನ ಹೋಗಿಲ್ಲವಲ್ಲ ಸಾರ್, ಪೇಪರ್ ಮಾತ್ರ ತಾನೇ ಬರದೆ ಇದ್ದದ್ದು. ಯಾರ ಮನೆಯಲ್ಲಾದರೂ ಸಿಕ್ಕಿದರೆ ಅಲ್ಲಿ ಅಂಟಿಸಬಹುದು" ಎಂದರು. ಆ ಹಾಳೆಗಳಿಗೆ ಬೇರೆ ಹಣ ತೆಗೆದುಕೊಳ್ಳಲಿಲ್ಲ.

ಖಾಲಿ ಹಾಳೆಗಳಾದ ಮೇಲಿನ ಎರಡನೆಯ ಸಂಚಿಕೆ 25ರದು. ಹಿಂದಿನ ದಿನ ರಕ್ಷಣಾ ಸಚಿವೆ ನಿರ್ಮಲಾ ಸೀತಾರಾಮನ್ ಅವರು ಕೊಡಗಿನ ಸಂತ್ರಸ್ತರನ್ನು ನೋಡಲು ಬಂದಿದ್ದ ಸುದ್ದಿಯೂ, ಅದೇ ದಿನ ನಮ್ಮ ರೋಹನ್ ಬೋಪಣ್ಣನವರು ದಿವಿಜ್ ಶರಣ್ ಜೊತೆಗೂಡಿ ಏಷ್ಯನ್ ಕ್ರೀಡಾಕೂಟದ ಟೆನಿಸ್ ಡಬಲ್ಸ್‌ನಲ್ಲಿ ಚಿನ್ನ ಗೆದ್ದ ಸುದ್ದಿಯೂ ಆ ಒಂದೇ ಸಂಚಿಕೆಯಲ್ಲಿವೆ. ಆ ದಿನ ನಾನು ಚಿನ್ನದ ಸುದ್ದಿಯನ್ನು ಓದಿದ ನೆನಪೇ ನನಗಿಲ್ಲ.

ಐದನೆಯ ಸಂಪುಟದಲ್ಲಿ ಇನ್ನೊಂದು ತಪ್ಪಾಗಿದೆ. ಅಂಚು ಸಮ ಮಾಡುವಾಗ ಮೇಲ್ಭಾಗವನ್ನು ಹೆಚ್ಚು ಕತ್ತರಿಸಿದ್ದರಿಂದ ಕೆಲವು ಪುಟಗಳಲ್ಲಿ ತಾರೀಖಿನ ಸಾಲೇ ಹೋಗಿದೆ. ತಲಕಾವೇರಿಯ ತೀರ್ಥೋದ್ಭವ ಅಕ್ಟೋಬರ್ 17ರಂದು ಆದದ್ದರಿಂದ ಆ ಚಿತ್ರವಿರುವ ಪುಟ 18ರದೆಂದು ಲೆಕ್ಕ ಹಾಕಬಹುದು. ಉಳಿದವನ್ನು ಅಕ್ಕಪಕ್ಕದ ಪುಟ ನೋಡಿಯೇ ತಿಳಿಯಬೇಕು. ಮಡಿಕೇರಿ ದಸರಾ ಸರಳವಾಗಿ ನಡೆದ ವರದಿಗಳ ಮೇಲಂಚಿಗೂ ಇದೇ ಗತಿಯಾಗಿದೆ. ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳ ಸಂಪುಟದಲ್ಲಿ ಯಾವ ಲೋಪವೂ ಇಲ್ಲ. ಅನಂತಕುಮಾರ್ ಮತ್ತು ಅಂಬರೀಷ್ ಅವರು ತೀರಿಕೊಂಡ ದಿನಗಳ ಪೂರ್ಣಪುಟದ ಚಿತ್ರಗಳು ಅಂಚು ಸಮೇತ ಉಳಿದಿವೆ.

ಕೊಡುವವರಿಗೆ ಇಷ್ಟು ಹೇಳಬಲ್ಲೆ: ಜನವರಿಯಿಂದ ಏಪ್ರಿಲ್ ಒಳಗೆ ಕೊಡಿ, ಪಟ್ಟಿ ಹೊಲಿಗೆಯನ್ನೇ ಕೇಳಿ, ಮೇಲಂಚನ್ನು ಕತ್ತರಿಸಬಾರದೆಂದು ಕಟ್ಟಿನ ಮೇಲೆ ಬರೆದುಕೊಡಿ, ತಂದ ಮೇಲೆ ಬಿಸಿಲು ತಾಗದ ಕಡೆ ಮಲಗಿಸಿಡಿ, ಪತ್ರಿಕೆಯ ಕಾಗದ ಬೆಳಕಿಗೆ ಬೇಗ ಹಳದಿಯಾಗುತ್ತದೆ. 2019ರ ಕಟ್ಟನ್ನು ನಾನು ಇದೇ ಅಂಗಡಿಗೆ ಕೊಡಲು ಎತ್ತಿಟ್ಟಿದ್ದೇನೆ. 2018ರ ಆಗಸ್ಟ್ 17ರ ಪತ್ರಿಕೆಯೊಂದು ಸುಂಟಿಕೊಪ್ಪದ ನೆಂಟರ ಮನೆಯ ಅಟ್ಟದಲ್ಲಿ ಸಿಕ್ಕಿದೆ. ಅದನ್ನೂ ಜೊತೆಗೆ ಒಯ್ಯುತ್ತೇನೆ.